ಗ್ಯಾಸು ಮೇಲಕ್ಕೆ ಹೋಗುತ್ತದೆ

ನಮ್ಮ ಅಡುಗೆಮನೆಗೂ ಬಚ್ಚಲಿಗೂ ನಡುವೆ ಒಂದೇ ಒಂದು ಮೆಟ್ಟಿಲಿತ್ತು. ಅಡುಗೆಮನೆ ಮೇಲೆ, ಬಚ್ಚಲು ಒಂದು ಗೇಣು ಕೆಳಗೆ. ಬಚ್ಚಲ ನೀರು ಒಳಕ್ಕೆ ಬರದಿರಲಿ ಎಂದು ತಾತ ಹಾಗೆ ಕಟ್ಟಿಸಿದ್ದನಂತೆ. ಆ ಮೆಟ್ಟಿಲ ಮೇಲೆ ಕೂತು ನಾನು ಮಗ್ಗಿ ಬಾಯಿಪಾಠ ಮಾಡಿದ್ದೇನೆ, ಹುರುಳಿಕಾಳಿನಲ್ಲಿ ಕಲ್ಲು ಆರಿಸಿದ್ದೇನೆ, ಅಮ್ಮನ ಕೈಲಿ ಏಟು ತಿಂದು ಮುಖ ಊದಿಸಿಕೊಂಡು ಕೂತಿದ್ದೇನೆ. ಈಗಲೂ ಯಾರ ಮನೆಗೆ ಹೋದರೂ ಮೊದಲು ಅವರ ಅಡುಗೆಮನೆಯ ನೆಲ ನೋಡುತ್ತೇನೆ. ಎಲ್ಲಿ ಎತ್ತರ, ಎಲ್ಲಿ ತಗ್ಗು, ಬಾಗಿಲ ಕೆಳಗೆ ಸಂದು ಇದೆಯೋ ಇಲ್ಲವೋ. ಸ್ಕೂಲಿನಲ್ಲಿ ನನ್ನ ಜೊತೆ ಪಾಠ ಮಾಡುವ ಮೇಡಮ್ಮುಗಳು ನನ್ನನ್ನು ಪುಕ್ಕಲಿ ಅನ್ನುತ್ತಾರೆ. ಅನ್ನಲಿ ಬಿಡಿ, ನಾನು ಪುಕ್ಕಲಿಯೇ. ಆದರೆ ಹುಟ್ಟುತ್ತಲೇ ಹಾಗಿರಲಿಲ್ಲ, ಆ ಮೆಟ್ಟಿಲು ನನ್ನನ್ನು ಹಾಗೆ ಮಾಡಿತು.

ಕ್ಯಾತನಹಳ್ಳಿ ಮಗ್ಗುಲಿನ ನಮ್ಮೂರಲ್ಲಿ ಎಲ್ಲರ ಮನೆಗಳಂತೆ ನಮ್ಮದೂ ನಾಡಹೆಂಚಿನ ಮನೆ. ಮುಂದೆ ಜಗುಲಿ, ಒಳಗೆ ಒಂದು ಪಕ್ಕ ದನ ಕಟ್ಟುವ ಜಾಗ, ಆಮೇಲೆ ನಡುಮನೆ, ಅದರ ಹಿಂದೆ ಅಡುಗೆಮನೆ, ಕೊನೆಗೆ ಬಚ್ಚಲು, ಬಚ್ಚಲಿನಿಂದ ಹಿತ್ತಲಿಗೆ ಒಂದು ಕುಳ್ಳು ಬಾಗಿಲು. ಜಮೀನು ಅಪ್ಪನದು, ಹಾಲು ಕರೆದು ಡೈರಿಗೆ ಹಾಕುವುದು ಅಮ್ಮನದು, ಬೆಂಕಿ ಮಾತ್ರ ಅಪ್ಪನ ತಾಯಿ ಕೆಂಪಮ್ಮಜ್ಜಿಯದು. ಬೆಳಗ್ಗೆ ಹಂಡೆಯೊಲೆ ಹೊತ್ತಿಸುವುದು ಅವಳೇ, ಸಂಜೆ ದೇವರ ಗೂಡಿನ ದೀಪ ಹಚ್ಚುವುದೂ ಅವಳೇ. ಬೆಂಕಿಪೊಟ್ಟಣ ಅವಳ ಸೊಂಟದ ಬಾಳೆಕಾಯಿಯಲ್ಲಿ, ಸೀರೆಯ ಆ ಸುರುಳಿ ಮಡಿಕೆಯಲ್ಲಿ, ಎಲೆಅಡಿಕೆಯ ಜೊತೆ ಇರುತ್ತಿತ್ತು. ಬೇಕಾದವರು ಅವಳನ್ನೇ ಕೇಳಬೇಕು. ಮದುವೆಯಾಗಿ ಬಂದ ವರ್ಷ ಅವಳ ಅತ್ತೆ ಅದನ್ನು ಅವಳ ಕೈಗೆ ಕೊಟ್ಟಿದ್ದಳಂತೆ, ಅಲ್ಲಿಂದ ಯಾರಿಗೂ ಬಿಟ್ಟುಕೊಟ್ಟಿರಲಿಲ್ಲ.

ನನ್ನ ಮೊದಲ ಹೆದರಿಕೆ ಹಿತ್ತಲಿನ ಗೋಬರ್ ಗ್ಯಾಸಿನದು. ಸಗಣಿ ಕಲಸಿ ಬಿಡುವ ಬಾವಿ, ಅದರ ಮೇಲೆ ಬೋರಲು ಹಾಕಿದ ದೊಡ್ಡ ಕಬ್ಬಿಣದ ಡ್ರಮ್ಮು. ಸಂಜೆ ಅಡುಗೆ ಮುಗಿಯುವ ಹೊತ್ತಿಗೆ ಡ್ರಮ್ಮು ಕೆಳಗೆ ಕೂತಿರುತ್ತಿತ್ತು, ಬೆಳಗ್ಗೆ ನೋಡಿದರೆ ನನ್ನೆದೆ ಮಟ್ಟಕ್ಕೆ ಎದ್ದು ನಿಂತಿರುತ್ತಿತ್ತು. ಯಾರೂ ಎತ್ತದೆ ಅಷ್ಟು ಭಾರದ್ದು ತಾನಾಗಿ ಏಳುವುದನ್ನು ಕಂಡು ನಾನು ಹಿಂದೆ ಸರಿಯುತ್ತಿದ್ದೆ. ಗ್ಯಾಸು ಒಲೆಗೆ ಜೋರಾಗಿ ಬರಲಿ ಎಂದು ಅಪ್ಪ ಚಿನಕುರಳಿಯಿಂದ ತಂದ ಎರಡು ಸೈಜುಗಲ್ಲನ್ನು ಅದರ ತಲೆ ಮೇಲೆ ಹೇರಿದ್ದ. ನಾನು ಮಾತ್ರ ಆ ಕಲ್ಲಿರುವುದು ಡ್ರಮ್ಮು ಹಾರಿಹೋಗದಿರಲಿ ಎಂದೇ ನಂಬಿದ್ದೆ. ದಿನಾ ಬೆಳಗ್ಗೆ ಎದ್ದು ಕಲ್ಲು ಎರಡೂ ಇವೆಯೋ ಎಂದು ಎಣಿಸಿ ಬರುತ್ತಿದ್ದೆ. ಅದನ್ನು ಕೂರಿಸಲು ಪಾಂಡವಪುರದಿಂದ ಬಂದಿದ್ದ ಮೇಸ್ತ್ರಿ ನನ್ನ ಭಯ ನೋಡಿ ನಕ್ಕು, ಒಂದು ಪಾಠ ಹೇಳಿಕೊಟ್ಟಿದ್ದ.

“ವಾಸ್ನೆ ಬಂತು ಅಂದ್ರೆ ಎದರ್ಕಬ್ಯಾಡ ಕಣವ್ವ. ಮೊದ್ಲು ಗ್ವಾಡೆ ಪೈಪಿನ ಕೀ ತಿರುಗ್ಸು. ಆಮ್ಯಾಕೆ ಸೂರಿನ ಮುಚ್ಚಳ ಎಳಿ. ಕೆಳಕ್ಕೆ ಕೂತ್ಕಂಡು ನೂರು ಎಣುಸು. ಗ್ಯಾಸು ಮ್ಯಾಕ್ಕೆ ಹೋಗೋ ಮಾಲು, ಅಷ್ಟೊತ್ಗೆ ಆಚ್ಗೆ ಒಂಟೋಗಿರ್ತದೆ.”

ಅವನ ಮಾತಿನಂತೆ ಅಪ್ಪ ಅಡುಗೆಮನೆ ಸೂರಿನಲ್ಲಿ ಎರಡು ಹೆಂಚು ತೆಗೆದು, ತಗಡಿನ ಮುಚ್ಚಳ ಕೂರಿಸಿ, ಎಳೆಯಲು ಹಗ್ಗ ಇಳಿಬಿಟ್ಟ. ಕೀ, ಮುಚ್ಚಳ, ಕೂರು, ನೂರು. ಅದು ನಮ್ಮ ಮನೆಯ ಪದ್ಧತಿಯೇ ಆಗಿಹೋಯಿತು. ಸ್ವಲ್ಪ ವಾಸನೆ ಬಂದರೂ ಅಮ್ಮ, ನಾನು, ಅಜ್ಜಿ ಮೂವರೂ ಕೆಲಸ ಬಿಟ್ಟು ನೆಲದ ಮೇಲೆ ಕೂತು ಎಣಿಸುತ್ತಿದ್ದೆವು. ಅಜ್ಜಿಗೆ ಇಪ್ಪತ್ತರ ಮೇಲೆ ಎಣಿಕೆ ಬರುತ್ತಿರಲಿಲ್ಲ, ಐದು ಸಲ ಇಪ್ಪತ್ತು ಎಣಿಸುತ್ತಿದ್ದಳು.

ಶಾಲೆಯಲ್ಲಿ ಏಳನೇ ಕ್ಲಾಸಿಗೆ ಬಂದಾಗ ವಿಜ್ಞಾನದ ಪಾಠ ನನಗೆ ಈ ಪದ್ಧತಿಗೆ ಒತ್ತಿದ ಮುದ್ರೆಯಂತೆ ಕಂಡಿತು. ಜಲಜನಕ ತುಂಬಿದ ಬಲೂನು ಮೇಲಕ್ಕೆ ಹೋಗುತ್ತದೆ ಎಂದು ಮೇಷ್ಟ್ರು ಹೇಳಿದರು. ನಾನು ತಲೆಯಾಡಿಸಿದೆ. ಹೊಗೆ ಮೇಲಕ್ಕೆ ಹೋಗುತ್ತದೆ, ಗೋಲಿಸೋಡದ ಗುಳ್ಳೆ ಮೇಲಕ್ಕೆ ಹೋಗುತ್ತದೆ, ನಮ್ಮ ಹಿತ್ತಲಲ್ಲಂತೂ ಕಬ್ಬಿಣದ ಡ್ರಮ್ಮನ್ನೂ ಎರಡು ಕಲ್ಲನ್ನೂ ಹೊತ್ತುಕೊಂಡು ಮೇಲಕ್ಕೆ ಹೋಗುತ್ತದೆ. ಇನ್ನೇನು ಬೇಕು? ಕಿರುಪರೀಕ್ಷೆಯಲ್ಲಿ ಅನಿಲಗಳ ಗುಣ ಬರೆಯಿರಿ ಎಂದಿದ್ದಕ್ಕೆ, ‘ಅನಿಲಗಳು ಹಗುರವಾಗಿರುವುದರಿಂದ ಯಾವಾಗಲೂ ಮೇಲಕ್ಕೆ ಹೋಗುತ್ತವೆ’ ಎಂದು ದುಂಡಗೆ ಬರೆದೆ. ಮೇಷ್ಟ್ರು ಕೆಂಪು ಶಾಯಿಯಲ್ಲಿ ರೈಟು ಹಾಕಿದರು. ಅದನ್ನು ಅಪ್ಪನಿಗೆ ತೋರಿಸಲು ನನಗೆ ಬೇರೆಯೇ ಕಾರಣವಿತ್ತು. ನಮ್ಮೂರಲ್ಲಿ ಏಳರವರೆಗೆ ಮಾತ್ರ ಶಾಲೆ. ಮುಂದೆ ಓದಬೇಕೆಂದರೆ ಬಸ್ಸು ಹತ್ತಿ ಪಾಂಡವಪುರಕ್ಕೆ ಹೋಗಬೇಕು. ಹೆಣ್ಣುಹುಡುಗಿಗೆ ಅದೆಲ್ಲ ಬೇಕಾ ಬೇಡವಾ ಎಂದು ಅಪ್ಪ ಇನ್ನೂ ತೂಗುತ್ತಿದ್ದ. ನನ್ನ ಕಡೆಯ ತಟ್ಟೆಗೆ ನಾನು ಒಂದೊಂದೇ ರೈಟು ಹಾಕುತ್ತಾ ಬಂದಿದ್ದೆ. ಅಪ್ಪ ಪುಸ್ತಕ ತಿರುಗಿಸಿ ನೋಡಿ ಅಂದ:

“ಬರೀತಾಳೆ ಬುಡು. ಓದು ತಲೆಗೇರ್ಸ್ಕಂಡು ದೊಡ್ಡೋರ್ಗೇ ಬುದ್ಧಿ ಯೋಳಕ್ಕೆ ಬರೋಗಂಟ ಪರ್ವಾಗಿಲ್ಲ. ಅವತ್ತು ಬುಡುಸ್ಬುಡ್ತೀನಿ.”

ಆ ವರ್ಷ ಆಷಾಢದ ಸೋನೆ ಬಿಡಲೇ ಇಲ್ಲ. ಥಂಡಿಗೆ ಸಗಣಿ ಹುಳಿಯದೆ ಡ್ರಮ್ಮು ಏಳುವುದನ್ನು ಮರೆತು ಕೂತಿತು. ಮುದ್ದೆಗೆ ಎಸರಿಟ್ಟರೆ ಕುದಿಯುವ ಹೊತ್ತಿಗೆ ಉರಿ ಹೋಗುತ್ತಿತ್ತು. ಅಮ್ಮ ದಿನಾ ಗೊಣಗಿದ್ದಕ್ಕೆ ಅಪ್ಪ ಒಂದು ದಿನ ಟ್ರಾಕ್ಟರಿನಲ್ಲಿ ಕೆಂಪು ಸಿಲಿಂಡರು, ಹೊಳೆಯುವ ಎರಡು ಬರ್ನರಿನ ಒಲೆ ತಂದಿಳಿಸಿದ. ಸಿಲಿಂಡರಿನ ಜೊತೆ ಬಂದ ಅಚ್ಚಿನ ಕಾಗದವನ್ನು ಓದದೇ ಮಡಚಿ ದೇವರ ಪಟದ ಹಿಂದೆ ಸಿಕ್ಕಿಸಿದ. ಒಲೆ ಕಟ್ಟೆ ಮೇಲೆ, ಸಿಲಿಂಡರು ಕಟ್ಟೆಯ ಕೆಳಗೆ. ಹಳೇ ಗೋಬರ್ ಗ್ಯಾಸಿನ ಪೈಪು, ಕೀ ಗೋಡೆ ಮೇಲೆ ಹಾಗೇ ಇದ್ದವು. ಹೊಸ ಒಲೆಯ ತಿರುಪನ್ನು ನಾನಾಗಲಿ ಅಜ್ಜಿಯಾಗಲಿ ಮುಟ್ಟಕೂಡದು ಎಂದು ಅಮ್ಮ ಕಟ್ಟಪ್ಪಣೆ ಮಾಡಿದಳು. ಅಜ್ಜಿ ದೂರ ನಿಂತು ಸಿಲಿಂಡರನ್ನೇ ನೋಡಿದಳು.

“ಇದು ಎಂಥ ಗ್ಯಾಸ್ಲಾ, ಸಗಣಿ ಇಲ್ಲ ಗಂಜಲ ಇಲ್ಲ?”

“ಎಲ್ಲಾ ಒಂದೇ ಕಣವ್ವೋ, ಗ್ಯಾಸು ಅಂದ್ರೆ ಗ್ಯಾಸು,” ಎಂದ ಅಪ್ಪ. ನಾನೂ ಹೌದೆಂದು ತಲೆಯಾಡಿಸಿದೆ.

ಅದಾಗಿ ತಿಂಗಳು ಕಳೆದಿರಬೇಕು. ಒಂದು ಬೆಳಗ್ಗೆ ಅಪ್ಪ ಗದ್ದೆಗೆ ಹೋಗಿದ್ದ. ಅಮ್ಮ ಕಾಫಿಗೆಂದು ಹಾಲನ್ನು ಸಣ್ಣ ಉರಿಯಲ್ಲಿಟ್ಟು, ‘ಉಕ್ದಂಗೆ ನೋಡ್ಕೊ, ಈಗ್ಬಂದೆ’ ಎಂದು ನನಗೆ ಹೇಳಿ ಕ್ಯಾನು ಎತ್ತಿಕೊಂಡು ಡೈರಿಗೆ ಹೊರಟಳು. ಮಳೆಗೆ ಬಾಗಿಲೆಲ್ಲ ಮುಚ್ಚಿತ್ತು. ನಾನು ನಡುಮನೆಯಲ್ಲಿ ಕನ್ನಡಿ ಮುಂದೆ ಜಡೆ ಹೆಣೆಯುತ್ತಾ ಹಾಲನ್ನು ಮರೆತೇಬಿಟ್ಟೆ. ಸೀದ ವಾಸನೆಗೆ ಓಡಿ ಬಂದು ನೋಡಿದರೆ ಹಾಲು ಉಕ್ಕಿ ಒಲೆಯೆಲ್ಲ ಬೆಳ್ಳಗಾಗಿ, ಉರಿ ಆರಿಹೋಗಿತ್ತು. ಸದ್ಯ, ಒಲೆ ಆರಿದೆ ಎಂದುಕೊಂಡೆ. ಹಂಡೆಯ ಸೌದೆಯೊಲೆಯಾಗಲಿ, ಗೋಬರ್ ಗ್ಯಾಸಾಗಲಿ, ನಾನು ಕಂಡಂತೆ ಉರಿ ಹೋದರೆ ಒಲೆಯ ಕತೆ ಮುಗಿದಂತೆ. ತಿರುಪು ತೆರೆದೇ ಇದೆ, ಉರಿಯಿಲ್ಲದೆಯೂ ಅದು ಉಸಿರು ಬಿಡುತ್ತಲೇ ಇದೆ ಎಂಬುದು ಹೊಳೆಯಲೇ ಇಲ್ಲ. ಅಮ್ಮ ಬರುವುದರೊಳಗೆ ಪಾತ್ರೆ ತಿಕ್ಕಿಡಬೇಕೆಂಬ ಗಾಬರಿ ಒಂದೇ. ಹಾಲಿನ ಪಾತ್ರೆಯನ್ನು ಹಿತ್ತಲಿಗೆ ಒಯ್ದು, ಬಾಗಿಲೆಳೆದುಕೊಂಡು, ಸೂರಿನಡಿ ಕೂತು ಬೂದಿ ಹಾಕಿ ತಿಕ್ಕಿದೆ. ತಳ ಹಿಡಿದಿದ್ದ ಹಾಲು ಸುಲಭಕ್ಕೆ ಬಿಡಲಿಲ್ಲ.

ವಾಪಸು ಬಂದಾಗ ಒಳಗೆಲ್ಲ ವಾಸನೆ. ದನದ ಮನೆ ಗುಡಿಸಿ ಬಂದ ಅಜ್ಜಿ ಅಡುಗೆಮನೆ ಬಾಗಿಲಲ್ಲಿ ಮೂಗು ಮುಚ್ಚಿ ನಿಂತಿದ್ದಳು. ನನಗೆ ಪದ್ಧತಿ ಗೊತ್ತಿತ್ತು. ಗೋಡೆ ಪೈಪಿನ ಕೀ ಬಿಗಿಯಾಗಿ ತಿರುಗಿಸಿದೆ. ಹಗ್ಗ ಎಳೆದು ಮುಚ್ಚಳ ತೆರೆದೆ. ಅಜ್ಜಿಯ ಕೈಹಿಡಿದು ಕೂರಿಸಿದೆ. ಅಜ್ಜಿ ಕೂತವಳು ಮುಖ ಸಿಂಡರಿಸಿದಳು.

“ಇದು ನಮ್ಮ ಸಗಣಿ ಗ್ಯಾಸಿನ ವಾಸ್ನೆ ಅಲ್ಲ ಕಣವ್ವ. ಕೊಳ್ತೋದ ಈರುಳ್ಳಿ ನಾತ.”

“ಎಲ್ಲಾ ಗ್ಯಾಸೂ ಒಂದೇ ಅಜ್ಜಿ. ಸುಮ್ನೆ ಎಣ್ಸು.”

“ನಿಂತಿದ್ದಾಗ ಇಷ್ಟಿರ್ನಿಲ್ಲ. ಕೂತ್ಮ್ಯಾಕೇ ಜಾಸ್ತಿ ನಾರ್ತದೆ. ಕೆಳೀಕೇ ಅದೆ ಕಣ್ ಮಗ ಇದು.”

“ಕೆಳಕ್ಕೆ ಬರಲ್ಲ ಅಜ್ಜಿ! ಗ್ಯಾಸು ಮೇಲಕ್ಕೇ ಹೋಗೋದು. ಬುಕ್ಕಲ್ಲೇ ಅದೆ. ಮೇಷ್ಟ್ರು ರೈಟ್ ಹಾಕವ್ರೆ.”

ಅಜ್ಜಿ ಎಣಿಸತೊಡಗಿದಳು. ಓದಿನ ಮಾತು ಬಂದಾಗ ಅವಳು ಯಾವಾಗಲೂ ಹಾಗೆ ಸೋಲುತ್ತಿದ್ದಳು. ನಾನು ನೂರು ಎಣಿಸಿ ಎದ್ದೆ. ಎದ್ದಾಗ ವಾಸನೆ ನಿಜಕ್ಕೂ ಕಡಿಮೆಯಾಗಿತ್ತು. ನೋಡು, ಹೋಯಿತು ಎಂದುಕೊಂಡೆ. ಸ್ಕೂಲಿಗೆ ಹೊತ್ತಾಗಿತ್ತು, ಹಂಡೆಯಲ್ಲಿ ಬಿಸಿನೀರಿಲ್ಲ, ಹಾಲು ಬೇರೆ ಚೆಲ್ಲಿದ್ದೇನೆ. ಅಮ್ಮ ಬರುವಷ್ಟರಲ್ಲಿ ಹಂಡೆಯೊಲೆಯಾದರೂ ಹೊತ್ತಿರಲಿ ಎಂದು ಅಜ್ಜಿಯ ಬಾಳೆಕಾಯಿಗೆ ಕೈಹಾಕಿ ಬೆಂಕಿಪೊಟ್ಟಣ ತೆಗೆದುಕೊಂಡೆ. ಅಡುಗೆಮನೆಗಿಂತ ಬಚ್ಚಲು ಕೆಳಗಿದೆ, ಆದ್ದರಿಂದ ಅಲ್ಲಿ ಗ್ಯಾಸು ಇರಲು ಸಾಧ್ಯವೇ ಇಲ್ಲ. ಈ ತರ್ಕವನ್ನು ನಾನು ಮೆಟ್ಟಿಲಿಳಿಯುವಾಗ ಪೂರ್ತಿ ಮಾಡಿ ಮುಗಿಸಿದ್ದು ಇವತ್ತಿಗೂ ನೆನಪಿದೆ. ಹಂಡೆಯ ಪಕ್ಕದ ಬಟ್ಟೆ ಒಗೆಯುವ ಎತ್ತರದ ಕಲ್ಲಿನ ಮೇಲೆ ಹತ್ತಿ ನಿಂತು, ಅಟ್ಟದಿಂದ ಒಣಗಿದ ತೆಂಗಿನಗರಿ ಎಳೆದುಕೊಂಡೆ. ಅಷ್ಟರಲ್ಲಿ ಅಜ್ಜಿ ಎದ್ದು ಮೆಟ್ಟಿಲಿಳಿದು ನನ್ನತ್ತಲೇ ಬರುತ್ತಿದ್ದಳು.

“ಗೀರಬ್ಯಾಡ ಮಗ, ಇಲ್ಲಿ ಇನ್ನೂ ನಾರ್ತದೆ!”

ನಾನು ಕಲ್ಲಿನ ಮೇಲೆ ನಿಂತೇ ಗೀರಿಯಾಗಿತ್ತು. ಕಡ್ಡಿ ನನ್ನ ಮುಖದ ಮುಂದೆ ತಣ್ಣಗೆ ಉರಿಯಿತು. ಏನೂ ಆಗಲಿಲ್ಲ. “ನೋಡಜ್ಜಿ!” ಎಂದೆ, ಗೆದ್ದವಳ ಹಾಗೆ. ಗರಿಗೆ ಹೊತ್ತಿಸಿ ಒಲೆಯ ಬಾಯಿಗಿಡಲು ಕೆಳಕ್ಕೆ ಬಗ್ಗಿಸಿದೆ.

ಭಗ್ ಎಂದಿತು. ಅಷ್ಟೇ ಸದ್ದು. ಬೆಂಕಿ ಮೇಲಕ್ಕೇಳಲಿಲ್ಲ, ಕಾಲುವೆ ಒಡೆದ ನೀರಿನ ಹಾಗೆ ನೆಲದುದ್ದಕ್ಕೂ ಓಡಿ, ಅಜ್ಜಿಯ ಕಾಲ ಸುತ್ತ ಹಾದು, ಮೆಟ್ಟಿಲು ಹತ್ತಿ ಅಡುಗೆಮನೆಗೆ ಹೋಯಿತು. ನಾನು ಕಲ್ಲಿನ ಮೇಲೆ ಮರಗಟ್ಟಿ ನಿಂತೆ. ಅಜ್ಜಿ ಬೆಂಕಿಯೊಳಗೆ ಎರಡು ಹೆಜ್ಜೆ ಇಟ್ಟು, ನನ್ನ ಜಡೆಗೇ ಕೈಹಾಕಿ ಎಳೆದು, ಕುಳ್ಳು ಬಾಗಿಲು ಒದ್ದು ಹಿತ್ತಲಿಗೆ ನೂಕಿದಳು. ಅವಳ ಸೀರೆಯಂಚು ಉರಿಯುತ್ತಿತ್ತು. ದನಕ್ಕೆ ಇಟ್ಟಿದ್ದ ಕಲಗಚ್ಚಿನ ಬಾನಿಯೊಳಗೆ ಎರಡೂ ಕಾಲಿಟ್ಟು ನಿಂತುಬಿಟ್ಟಳು. ಮಳೆ ಹನಿಯುತ್ತಿತ್ತು. ನನಗೆ ಒಂದು ಬೊಬ್ಬೆಯೂ ಎದ್ದಿರಲಿಲ್ಲ. ಕ್ಷಣಹೊತ್ತಿನಲ್ಲಿ ಬಚ್ಚಲ ಬೆಂಕಿ ತಾನಾಗೇ ಹೋಗಿತ್ತು. ಇಣುಕಿ ನೋಡಿದರೆ ಅಡುಗೆಮನೆ ಕಟ್ಟೆಯ ಮೇಲೆ ಒಲೆ ಸಣ್ಣಗೆ, ನೀಲಿಯಾಗಿ, ಅಮ್ಮ ಹಚ್ಚಿಟ್ಟು ಹೋದ ಹಾಗೆಯೇ ಉರಿಯುತ್ತಿತ್ತು. ತಿರುಪು ತೆರೆದೇ ಇತ್ತೆಂದು ಆಗ ನನಗೆ ಅರ್ಥವಾಯಿತು, ಬಾನಿಯ ಪಕ್ಕ ಕುಸಿದು ಕೂತೆ.

ಜನ ಸೇರಿದರು. ಅಮ್ಮ ಓಡಿ ಬಂದಳು, ಗದ್ದೆಯಿಂದ ಅಪ್ಪ ಬಂದ. ಒಲೆ ಆರಿಸಿ, ಅಜ್ಜಿಯನ್ನು ಜಗುಲಿಗೆ ಹೊತ್ತು ತಂದರು. ಅವಳ ಪಾದದ ಚರ್ಮ ಕಾಲ್ಚೀಲದಂತೆ ಸುಲಿದಿತ್ತು. ಅಪ್ಪ ಕೂಗಿದ:

“ಯಾರು ಕಡ್ಡಿ ಗೀರ್ದೋರು?”

ನಾನು ಬಾಯಿ ತೆರೆಯುವ ಮೊದಲೇ ಅಜ್ಜಿ ಕಣ್ಣು ಮುಚ್ಚಿಕೊಂಡೇ ಹೇಳಿದಳು:

“ನಾನೇ ಕಣಪ್ಪ. ಮಗ ಬ್ಯಾಡ ಅಂತು. ನಂಗೇನ್ ತಿಳೀತದೆ? ಗೀರ್ಬುಟ್ಟೆ.”

ಎಲ್ಲರೂ ನಂಬಿದರು. ನಂಬಲು ಯಾರಿಗೂ ಒಂದು ನಿಮಿಷವೂ ಬೇಕಾಗಲಿಲ್ಲ. ಓದು ಬರಹ ಇಲ್ಲದ ಮುದುಕಿ, ಇನ್ನೇನು ಮಾಡಿಯಾಳು ಎಂದರು. ಪಾಂಡವಪುರದ ಡಾಕ್ಟರು ಮುಲಾಮು ಕೊಟ್ಟರು. ಪಾದ ಮಾಯುವ ಹೊತ್ತಿಗೆ ದೀಪಾವಳಿ ಬಂತು, ಬಲಗಾಲಿನ ಬೆರಳು ಒಂದಕ್ಕೊಂದು ಅಂಟಿಕೊಂಡು ಸೆಟೆದವು. ಆಸ್ಪತ್ರೆಯಿಂದ ಬಂದ ದಿನವೇ ಅಮ್ಮ ಬೆಂಕಿಪೊಟ್ಟಣವನ್ನು ಅಜ್ಜಿಯ ಕೈಗೆ ಸಿಗದಂತೆ ಅಟ್ಟದ ಮೇಲಿಟ್ಟಳು. ಅಡುಗೆಮನೆಗೆ ಕಾಲಿಡಕೂಡದು, ಹಂಡೆಯೊಲೆ ಮುಟ್ಟಕೂಡದು, ದೇವರ ದೀಪವನ್ನೂ ಹಚ್ಚಕೂಡದು. ಅಜ್ಜಿ ಸಂಜೆ ಬತ್ತಿ ಹೊಸೆದು, ಎಣ್ಣೆ ಬಿಟ್ಟು, ದೇವರ ಗೂಡಿನ ಮುಂದೆ ಗೋಡೆ ಹಿಡಿದು ನಿಲ್ಲುತ್ತಿದ್ದಳು. ದೀಪ ಹಚ್ಚುವ ಕೆಲಸ ನನಗೆ ಬಂದಿತ್ತು, ಮನೆಯಲ್ಲಿ ತಿಳಿದವಳು ನಾನಲ್ಲವೇ. ದಿನಾ ಅವಳ ಕಣ್ಣೆದುರಿಗೆ ನಾನು ಕಡ್ಡಿ ಗೀರಬೇಕು. ಗೀರುವಾಗ ಕಣ್ಣು ಮುಚ್ಚುತ್ತಿದ್ದೆ, ಮೂರು ನಾಲ್ಕು ಕಡ್ಡಿ ಮುರಿಯುತ್ತಿದ್ದೆ. ಅಜ್ಜಿ ಮಾತ್ರ ಮೆಲ್ಲಗೆ, ‘ಆಯ್ತದೆ, ಗೀರು ಮಗ’ ಅನ್ನುತ್ತಿದ್ದಳು. ಅವಳು ಬೈದಿದ್ದರೆ ನನಗೆ ಎಷ್ಟೋ ಸುಖವಾಗಿರುತ್ತಿತ್ತು.

ಬಚ್ಚಲ ಸುಣ್ಣದ ಗೋಡೆಯಲ್ಲಿ ಮೊಣಕಾಲೆತ್ತರಕ್ಕೆ ಸುತ್ತಲೂ ಕಪ್ಪು ಹಿಡಿದಿತ್ತು. ಅದರ ಮೇಲೆ ಗೋಡೆ ಬೆಳ್ಳಗೇ ಇತ್ತು. ಗೂಟದ ಟವೆಲಿನ ಕೆಳಗಿನ ಅಂಚು ಮಾತ್ರ ಸುಟ್ಟಿತ್ತು. ನೆಲದ ಮೇಲಿದ್ದ ಪ್ಲಾಸ್ಟಿಕ್ ಚೊಂಬು ಕರಗಿತ್ತು, ಗೂಡಿನ ಸೋಪು ಕರಗಿರಲಿಲ್ಲ. ದಿನಾ ಸ್ನಾನಕ್ಕೆ ಹೋದಾಗ ನಾನು ಆ ಗೆರೆಯನ್ನೇ ನೋಡುತ್ತಿದ್ದೆ. ಅಜ್ಜಿ ಕೆಳಗೇ ಇದೆ ಅಂದಿದ್ದಳು, ಗೋಡೆಯೂ ಅದನ್ನೇ ಹೇಳುತ್ತಿತ್ತು. ಕೊನೆಗೆ ಒಂದು ದಿನ ಧೈರ್ಯ ಮಾಡಿ ಮೇಷ್ಟ್ರನ್ನು ಕೇಳಿದೆ, ‘ಸಾರ್, ಗ್ಯಾಸು ಯಾವಾಗ್ಲೂ ಮೇಲಕ್ಕೇ ಹೋಗುತ್ತಾ?’ ಅವರು ಸೀಮೆಸುಣ್ಣ ಕೆಳಗಿಟ್ಟು ನನ್ನನ್ನೇ ನೋಡಿದರು.

“ಯಾವ ಗ್ಯಾಸು?”

ಹಾಗೊಂದು ಪ್ರಶ್ನೆ ಇರಬಹುದೆಂದೇ ನನಗೆ ಗೊತ್ತಿರಲಿಲ್ಲ. ಗಾಳಿಗಿಂತ ಹಗುರದ ಗ್ಯಾಸು ಇವೆ, ಭಾರದವೂ ಇವೆ, ಸಿಲಿಂಡರಿನದು ಭಾರದ್ದು, ನೆಲ ಹಿಡಿದು ತಗ್ಗಿಗೆ ಹರಿಯುತ್ತದೆ ಎಂದು ಅವರು ನಿಧಾನವಾಗಿ ಹೇಳಿದರು. ನನ್ನ ಹಳೇ ಉತ್ತರ ತೋರಿಸಿದೆ. ಅದರಲ್ಲಿ ‘ಯಾವಾಗಲೂ’ ಎಂದಿರುವುದನ್ನು ನೋಡದೆ ರೈಟು ಹಾಕಿಬಿಟ್ಟೆ ಎಂದು ಅವರು ಪೇಚಾಡಿಕೊಂಡರು, ರೈಟನ್ನು ಹೊಡೆದು ಹಾಕಿದರು. ಅಜ್ಜಿಯ ಮಾತೇ ನಿಜವಿರಬಹುದು ಎಂಬುದು ಅಲ್ಲಿಯವರೆಗೆ ಅನುಮಾನವಾಗಿತ್ತು, ಈಗ ಖಾತ್ರಿಯಾಯಿತು. ಆದರೆ ಬಾಯಿಬಿಟ್ಟರೆ ಪಾಂಡವಪುರದ ಬಸ್ಸು ತಪ್ಪಿದಂತೆಯೇ. ಓದು ತಲೆಗೇರಿಸಿಕೊಂಡು ದೊಡ್ಡವರಿಗೆ ಬುದ್ಧಿ ಹೇಳಿದವಳು ನಾನೇ.

ದೀಪಾವಳಿಯ ಮಾರನೇ ವಾರ ನಾಗಮಂಗಲದಿಂದ ಅಪ್ಪನ ತಂಗಿ ತಾಯಿಯನ್ನು ನೋಡಲು ಬಂದಳು. ಸಂಜೆ ಅಜ್ಜಿ ಬತ್ತಿ ಹೊಸೆದು ನಿಂತಿದ್ದಳು. ನಾನು ಕಡ್ಡಿ ಹಿಡಿದಿದ್ದೆ. ಅಪ್ಪ ಕಂಬಕ್ಕೊರಗಿ ಕೂತಿದ್ದ. ಅತ್ತೆ ಅಜ್ಜಿಯ ಕಾಲು ನೋಡುತ್ತಾ ಅಂದಳು:

“ನಿಂಗ್ಯಾಕವ್ವ ಬೇಕಿತ್ತು ಗ್ಯಾಸಿನ ಸಾವಾಸ? ಈ ಕೂಸು ಓದೋದು, ತಿಳ್ದಿರೋದು. ಅದ್ರ ಮಾತು ಕೇಳಿದ್ರೆ ಇಂಗಾಯ್ತಿತ್ತಾ?”

ನನ್ನ ಕೈಯಿಂದ ಪೊಟ್ಟಣ ಬಿತ್ತು. ಕಡ್ಡಿಗಳು ನೆಲದ ತುಂಬ ಚೆಲ್ಲಿದವು.

“ನನ್ ಮಾತು ಕೇಳಿದ್ಕೇ ಆಗಿದ್ದು,” ಎಂದೆ. “ಕಡ್ಡಿ ಗೀರಿದ್ದು ನಾನು. ಅಜ್ಜಿ ಬ್ಯಾಡ ಅಂತು. ಕೆಳೀಕದೆ ಅಂತು. ನಾನೇ ಕೇಳ್ನಿಲ್ಲ.”

ಒಮ್ಮೆ ಬಾಯಿಬಿಟ್ಟ ಮೇಲೆ ನಿಲ್ಲಿಸಲಾಗಲಿಲ್ಲ. ಉಕ್ಕಿದ ಹಾಲು, ತಿರುಪು, ಗೋಡೆಯ ಕೀ, ಮೇಷ್ಟ್ರು ಹೇಳಿದ್ದು ಎಲ್ಲವನ್ನೂ ಅಳುತ್ತಾ ಒದರಿದೆ. ಅಪ್ಪ ಎದ್ದು ನಿಂತ. ಹೊಡೆಯುತ್ತಾನೆ ಎಂದು ಭುಜ ಕುಗ್ಗಿಸಿದೆ. ಅವನು ಅಜ್ಜಿಯ ಕಡೆ ತಿರುಗಿದ.

“ಯಾಕವ್ವ ಸುಳ್ಳು ಯೋಳ್ದೆ?”

“ಯೋಳಿದ್ರೆ ನೀನು ಇಸ್ಕೂಲು ಬುಡುಸ್ಬುಡ್ತಿದ್ದೆ. ನನ್ ಕಾಲು ಎಂಗೂ ಬೆಂದೋಗಿತ್ತು.”

ಅಪ್ಪ ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದ. ಆ ದಿನ ನಾನು ಊಟ ಮಾಡಲಿಲ್ಲ. ನನ್ನ ಪುಸ್ತಕಗಳನ್ನೆಲ್ಲ ಜೋಡಿಸಿ ಚೀಲಕ್ಕೆ ಹಾಕಿ, ಅದರ ಮೇಲೆ ಕೈಯಿಟ್ಟುಕೊಂಡೇ ಮಲಗಿದೆ.

ಬೆಳಗ್ಗೆ ಎಚ್ಚರವಾದದ್ದು ದಡ್, ದಡ್ ಎಂಬ ಸದ್ದಿಗೆ. ಓಡಿ ಹೋಗಿ ನೋಡಿದರೆ ಅಪ್ಪ ಬಚ್ಚಲಿನ ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತು, ಹಿತ್ತಲ ಕಡೆಯ ಗೋಡೆಯ ಬುಡಕ್ಕೆ ಹಾರೆ ಹಾಕುತ್ತಿದ್ದ. ಕಪ್ಪು ಗೆರೆಯ ಕೆಳಗೆ ಒಂದು ಇಟ್ಟಿಗೆ ಸಡಿಲವಾಗಿತ್ತು. ದೇವರ ಪಟದ ಹಿಂದಿನ ಅಚ್ಚಿನ ಕಾಗದ ಬಿಚ್ಚಿಕೊಂಡು ಒಗೆಯುವ ಕಲ್ಲಿನ ಮೇಲೆ ಕೂತಿತ್ತು. ಅವನು ತಿರುಗಿ ನೋಡದೆಯೇ ಕೇಳಿದ:

“ಎಷ್ಟೆತ್ರಕ್ಕಿರ್ಬೇಕು, ಯೋಳು.”

ನನಗೆ ಬೇಗ ಅರ್ಥವಾಗಲಿಲ್ಲ.

“ಗ್ಯಾಸು ಆಚ್ಗೋಗಕ್ಕೆ ಕಿಂಡಿ. ಓದ್ದೋಳು ನೀನು. ಯೋಳು, ಎಷ್ಟೆತ್ರಕ್ಕೆ?”

“ಎತ್ರ ಬ್ಯಾಡಪ್ಪ,” ಎಂದೆ. “ನೆಲದ ಸಮಕ್ಕೇ ಇರ್ಲಿ.”

ಅವನು ಕೊನೆಯ ವರಸೆ ಇಟ್ಟಿಗೆಯನ್ನೂ ಕಿತ್ತ. ಹಿತ್ತಲ ಬೆಳಕು ನೆಲದ ಮೇಲೆ ಬಂದು ಬಿತ್ತು. ಅವತ್ತು ಸಂಜೆ ಅಮ್ಮ ಅಟ್ಟದಿಂದ ಬೆಂಕಿಪೊಟ್ಟಣ ಇಳಿಸಿ, ಮುಖ ಬೇರೆ ಕಡೆ ತಿರುಗಿಸಿಕೊಂಡು ಅಜ್ಜಿಯ ಕೈಗೆ ಕೊಟ್ಟಳು. ಅಜ್ಜಿ ಅದನ್ನು ಅಲುಗಿಸಿ ನೋಡಿದಳು, ಎಷ್ಟು ಕಡ್ಡಿ ಮುರಿದು ಹಾಕಿದ್ದೇನೆ ಎಂದು ನನ್ನನ್ನು ಗದರಿದಳು. ಆಮೇಲೆ ದೇವರ ಗೂಡಿನ ಮುಂದೆ, ಸೆಟೆದ ಬೆರಳಿನ ಪಾದವನ್ನು ಕಷ್ಟಪಟ್ಟು ಮಡಚಿ, ನೆಲಕ್ಕೆ ಅಂಗೈಯೂರಿ ಬಗ್ಗಿದಳು. ಮೂಗು ನೆಲಕ್ಕೆ ತಾಗುವಷ್ಟು ಬಗ್ಗಿ, ಮೂಸಿದಳು. ನನ್ನ ಕೈಹಿಡಿದು ಪಕ್ಕಕ್ಕೆ ಎಳೆದಳು.

“ನೀನೂ ನೋಡು ಮಗ.”

ನಾನು ಬಗ್ಗಿ ಮೂಸಿದೆ. ಸಗಣಿ ಸಾರಿಸಿದ ನೆಲದ ವಾಸನೆ ಬಿಟ್ಟರೆ ಬೇರೇನೂ ಇರಲಿಲ್ಲ.

“ಏನಿಲ್ಲ ಅಜ್ಜಿ,” ಎಂದೆ.

ಅಜ್ಜಿ ಕಡ್ಡಿ ಗೀರಿದಳು.